ನಮ್ಮ ಮಲೆನಾಡು ತೆರೆಯ ಮೇಲೆ ಕಾಣುತ್ತದೆ, ಕೇಳಿಸುವುದಿಲ್ಲ

ನಿನ್ನೆ ರಾತ್ರಿ ಒಂದು ಹೊಸ ಕನ್ನಡ ವೆಬ್ ಸರಣಿಯ ಮೊದಲ ಕಂತುಗಳನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಸರಣಿಯ ಹೆಸರನ್ನು ಬರೆಯುವುದಿಲ್ಲ. ಅದರಲ್ಲಿ ದುಡಿದವರಲ್ಲಿ ನಮ್ಮ ಜಿಲ್ಲೆಯ ಹುಡುಗರೂ ಇದ್ದಾರೆ, ಮತ್ತು ನನ್ನ ದೂರು ಆ ಒಂದು ಸರಣಿಗೆ ಮಾತ್ರ ಸೇರಿದ್ದಲ್ಲ. ಕಥೆ ನಡೆಯುವುದು ಘಟ್ಟದ ಅಂಚಿನ ಒಂದು ಒಂಟಿಮನೆಯಲ್ಲಿ, ಆಷಾಢದ ಮಳೆಯಲ್ಲಿ. ಡ್ರೋನ್ ಕ್ಯಾಮೆರಾ ಮಂಜು ಕವಿದ ಗುಡ್ಡಗಳನ್ನು ದಾಟಿ, ಅಡಿಕೆ ತೋಟದ ಮೇಲೆ ಹಾದು, ಹಂಚಿನ ಮನೆಯ ಅಂಗಳಕ್ಕೆ ಇಳಿಯುತ್ತದೆ. ಕಣ್ಣಿಗೆ ಎಲ್ಲವೂ ಚೆಂದ. ಆದರೆ ಅಷ್ಟು ಹೊತ್ತೂ ಕಿವಿಗೆ ಬೀಳುವುದು ಗುಂಯ್‌ಗುಡುವ ಕೀಬೋರ್ಡಿನ ಒಂದೇ ಸ್ವರ. ಜಗುಲಿಯಲ್ಲಿ ಕುಳಿತ ಗಂಡ ಹೆಂಡತಿ ಮಾತು ಶುರು ಮಾಡಿದರೆ, ಅವರ ಧ್ವನಿ ಬರುವುದು ಜಗುಲಿಯಿಂದಲ್ಲ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಯಾವುದೋ ಡಬ್ಬಿಂಗ್ ಕೋಣೆಯಿಂದ. ಅವರ ಬೆನ್ನ ಹಿಂದೆ ಮಳೆ ಸುರಿಯುತ್ತಿದೆ. ಆ ಮಳೆಗೆ ಸದ್ದೇ ಇಲ್ಲ.

ಆ ದೃಶ್ಯದಲ್ಲಿ ಹೆಂಡತಿ ಗಂಡನಿಗೆ ಒಂದು ಗುಟ್ಟನ್ನು ಪಿಸುಗುಟ್ಟುತ್ತಾಳೆ, ಒಳಗೆ ಕುಳಿತ ಅತ್ತೆಗೆ ಅದು ಕೇಳಿಸಿಬಿಡುತ್ತದೆ. ಕಥೆ ಮುಂದೆ ಸಾಗುವುದೇ ಅದರ ಮೇಲೆ. ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರಿನ ಸುತ್ತ ಬೆಳೆದ ಯಾರಾದರೂ ಈ ದೃಶ್ಯವನ್ನು ನಂಬುತ್ತಾರೆಯೇ? ಪುನರ್ವಸು, ಪುಷ್ಯ ಮಳೆಗಳು ಹಿಡಿದು ಹೊಡೆಯುವಾಗ ಪಡಸಾಲೆಯಲ್ಲಿದ್ದವರು ಅಡುಗೆಮನೆಯಲ್ಲಿದ್ದವರಿಗೆ ಕೂಗಿ ಹೇಳಬೇಕು. ಅರ್ಧ ಆಡಿದ ಮಾತನ್ನು ಅಲ್ಲೇ ನಿಲ್ಲಿಸಿ, ಮಳೆ ಸ್ವಲ್ಪ ಹೊಳವಾದ ಮೇಲೆ ಮುಂದುವರಿಸುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಸಂಗತಿ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಬೇರೆ, ಕೊಟ್ಟಿಗೆಯ ತಗಡಿನ ಮೇಲೆ ಬೀಳುವುದು ಬೇರೆ, ತೋಟದೊಳಗೆ ಸೋಗೆಯಿಂದ ಸೋಗೆಗೆ ಇಳಿದು ನೆಲ ಸೇರುವುದು ಬೇರೆ. ಮಳೆ ನಿಂತ ಮೇಲೂ ಬಹಳ ಹೊತ್ತು ಮರಗಳಿಂದ ಹನಿ ಉದುರುತ್ತಿರುತ್ತದೆ. ಸೂರಿನ ನೀರು ತೊಟ್ಟಿಕ್ಕುತ್ತಿರುತ್ತದೆ. ಕಪ್ಪೆಗಳು ಶುರುಮಾಡುವುದು ಆಗಲೇ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಹೋಗುವ ಮಳೆಯಲ್ಲಿ ಎಷ್ಟೊಂದು ಕಥೆಗಳು ಹುಟ್ಟಬಹುದಿತ್ತು! ಅದನ್ನು ಬಿಟ್ಟು, ಮಳೆಯನ್ನು ಒಂದು ಪರದೆಯಂತೆ ಹಿಂದೆ ಇಳಿಬಿಟ್ಟು, ಅದರ ಮುಂದೆ ಎಲ್ಲಿ ಬೇಕಾದರೂ ನಡೆಯಬಹುದಾದ ಒಂದು ಕೊಲೆಯ ಕಥೆಯನ್ನು ಹೇಳುತ್ತಾರೆ. ಇನ್ನು ಆ ಮಳೆಯಾದರೂ ನಿಜವೇ ಎಂದರೆ, ಮುಂದೆ ಟ್ಯಾಂಕರ್ ನೀರು ಧಾರಾಕಾರವಾಗಿ ಬೀಳುತ್ತಿರುವಾಗ ಹಿಂದಿನ ಗುಡ್ಡದ ಮೇಲೆ ಬಿಸಿಲು ಬಿದ್ದಿದೆ, ಅಂಗಳದ ತುಳಸಿಕಟ್ಟೆಯ ನೆರಳು ಗೆರೆ ಎಳೆದಷ್ಟು ಸ್ಪಷ್ಟವಾಗಿದೆ. ಚಿತ್ರೀಕರಣ ನಡೆದಿರುವುದು ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಎಂದು ಗುಡ್ಡದ ಒಣಹುಲ್ಲೇ ಹೇಳುತ್ತದೆ.

ಧ್ವನಿಯನ್ನು ಆಮೇಲೆ ಕೂಡಿಸುವ ಪದ್ಧತಿ ಏಕೆ ಬಂತು ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹಿಂದೆ ಹೊರಾಂಗಣಕ್ಕೆ ಒಯ್ಯುತ್ತಿದ್ದ ಹಗುರ ಕ್ಯಾಮೆರಾಗಳೇ ಗದ್ದಲ ಮಾಡುತ್ತಿದ್ದವು, ಜನರೇಟರ್ ಸದ್ದು ಬೇರೆ, ಸುತ್ತ ನೆರೆದ ಜನರ ಸದ್ದು ಬೇರೆ. ಹಾಗಾಗಿ ಮಾತನ್ನೆಲ್ಲ ಸ್ಟುಡಿಯೋದಲ್ಲಿ ಮತ್ತೆ ಹೇಳಿಸುವುದು ರೂಢಿಯಾಯಿತು. ಈಗಿನ ಡಿಜಿಟಲ್ ಕ್ಯಾಮೆರಾಗಳು ಸದ್ದು ಮಾಡುವುದಿಲ್ಲ. 2001ರಲ್ಲೇ 'ಲಗಾನ್' ಚಿತ್ರದವರು ಕಛ್‌ನ ಬಯಲಿನಲ್ಲಿ ಅಷ್ಟು ದೊಡ್ಡ ಜನಸಮೂಹವನ್ನು ಇಟ್ಟುಕೊಂಡು ಸ್ಥಳದಲ್ಲೇ ಧ್ವನಿ ಹಿಡಿದರು. ನಮ್ಮ ಕನ್ನಡದಲ್ಲೇ 'ತಿಥಿ' ಚಿತ್ರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ಕ್ಯಾಮೆರಾ ಮುಂದೆ ನಿಂತಿರದ ಊರವರ ಬಾಯಿಂದಲೇ, ಅವರದೇ ಮಾತನ್ನು ಹಿಡಿದು ತೋರಿಸಿ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಂಡ್ಯದ ಹಳ್ಳಿಗೆ ದಕ್ಕಿದ್ದು ತೀರ್ಥಹಳ್ಳಿಯ, ಹೊಸನಗರದ ಹಳ್ಳಿಗೆ ಏಕೆ ದಕ್ಕಬಾರದು?

ಡಬ್ಬಿಂಗ್ ಒಂದನ್ನೇ ದೂರುವುದೂ ಸರಿಯಲ್ಲ. ಕೇಳಿಸಿಕೊಳ್ಳುವ ಮನಸ್ಸಿದ್ದ ನಿರ್ದೇಶಕರು ನಮ್ಮಲ್ಲಿ ಹಿಂದೆಯೂ ಇದ್ದರು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ 'ಘಟಶ್ರಾದ್ಧ'ವನ್ನು ಈಗ ಮತ್ತೆ ನೋಡಿದರೂ ಅದರ ಹುಡುಗ ನಾಣಿಯ ಹೆದರಿಕೆ ನನ್ನೊಳಗೆ ಇಳಿಯುವುದು ಮಾತಿನಿಂದಲ್ಲ, ಮಾತಿಲ್ಲದ ಜಾಗಗಳಿಂದ. ಬಿ.ವಿ. ಕಾರಂತರು ಅದಕ್ಕೆ ಸಂಗೀತ ಕೊಟ್ಟರು, ಮತ್ತು ಎಲ್ಲಿ ಸುಮ್ಮನಿರಬೇಕೆಂಬುದು ಅವರಿಗೆ ಗೊತ್ತಿತ್ತು. ಆ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರದೇ 'ದ್ವೀಪ'ವಂತೂ ನನ್ನ ಮಟ್ಟಿಗೆ ಮಲೆನಾಡಿನ ಮಳೆಯ ಚಿತ್ರ. ಶರಾವತಿ ಕಣಿವೆಯ ಮುಳುಗಡೆಯನ್ನು ಹತ್ತಿರದಿಂದ ಕಂಡಿದ್ದ ಸಾಗರದ ನಾ. ಡಿಸೋಜರ ಕಾದಂಬರಿ ಅದು. ಎಲ್ಲರೂ ಊರು ಬಿಟ್ಟ ಮೇಲೆ ಉಳಿದುಹೋದ ಒಂದು ಮನೆಯ ಸುತ್ತ ನೀರು ಏರುವುದನ್ನು ನಾವು ನೋಡುವುದಷ್ಟೇ ಅಲ್ಲ, ಆ ಮನೆಯ ಹೆಣ್ಣು ನಾಗಿಯ ಜೊತೆ ಕುಳಿತು ಕೇಳುತ್ತೇವೆ. ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೆ ಬಂದ ರಾಷ್ಟ್ರಪ್ರಶಸ್ತಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಆ ಚಿತ್ರವನ್ನು ನೆನೆದಾಗ ಮೊದಲು ಬರುವುದು ಕಿವಿಯ ನೆನಪು.

ಈಚಿನವುಗಳಲ್ಲಿ 'ಶಾಖಾಹಾರಿ' ನನಗೆ ಇಷ್ಟವಾಯಿತು. ಮಲೆನಾಡಿನ ಸಣ್ಣ ಊರೊಂದರ ಹೋಟೆಲು, ಅದನ್ನು ನಡೆಸುವ ಒಂಟಿ ಮನುಷ್ಯ. ರಂಗಾಯಣ ರಘು ಅವರು ಮಾತನ್ನು ನುಂಗಿಕೊಂಡು ಅಭಿನಯಿಸಿದ ಕಡೆಗಳಲ್ಲಿ ಆ ಮನುಷ್ಯ ನಾನು ಕಂಡವನೇ ಅನ್ನಿಸಿತು. ಒಟಿಟಿಯಲ್ಲಿ 2025ರಲ್ಲಿ ಚಿಕ್ಕಮಗಳೂರಿನ ಕಡೆಯ ಕಥೆಯಾಗಿ 'ಅಯ್ಯನ ಮನೆ' ಬಂತು, ಶಿರಸಿಯ ಕಥೆಯಾಗಿ 'ಮಾರಿಗಲ್ಲು' ಬಂತು. ಕನ್ನಡದ ಸರಣಿಗಳೇ ಇಲ್ಲವೆಂದು ಕೊರಗುತ್ತಿದ್ದ ಕಾಲದಲ್ಲಿ ಇವು ಬಂದದ್ದೇ ಒಂದು ಸಮಾಧಾನ. 'ಏಕಂ' ಸರಣಿಯನ್ನು ಯಾವ ಒಟಿಟಿಯೂ ಕೊಳ್ಳದೆ, ಅದನ್ನು ಮಾಡಿದವರೇ 2024ರಲ್ಲಿ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಗಿ ಬಂದದ್ದು ನೆನಪಿದೆಯಲ್ಲ. ಆದ್ದರಿಂದ ಬಂದದ್ದಕ್ಕೆ ಬೆಂಬಲ ಕೊಡಬೇಕು, ಕೊಡುತ್ತಲೂ ಇದ್ದೇನೆ. ಆದರೆ ಘಟ್ಟದ ಕಥೆಯೆಂದರೆ ಕೊಲೆ, ನಿಗೂಢ, ದೆವ್ವ ಎಂಬ ದಾರಿ ಗಟ್ಟಿಯಾಗುತ್ತಿದ್ದಂತೆ ನನ್ನ ದೂರು ಇನ್ನಷ್ಟು ಹೆಚ್ಚಾಗುತ್ತಿದೆ. ಹೆದರಿಸಬೇಕೆಂದು ಹೊರಟವರು ಮೊದಲು ಮಾಡುವುದೇ ಕಾಡಿನ ಬಾಯಿ ಮುಚ್ಚಿಸಿ ಹಿನ್ನೆಲೆ ಸಂಗೀತವನ್ನು ಏರಿಸುವುದು. ನಿಜವಾದ ಕಾಡು ಮುಸ್ಸಂಜೆಯಲ್ಲಿ ಕಿವಿಗಡಚಿಕ್ಕುವಂತೆ ಸದ್ದು ಮಾಡುತ್ತದೆ. ಜೀರುಂಡೆಗಳು ಒಟ್ಟಿಗೆ ಕೂಗಿ ಒಟ್ಟಿಗೆ ನಿಲ್ಲುತ್ತವೆ, ಮತ್ತು ಹಾಗೆ ಹಠಾತ್ತನೆ ನಿಂತ ಕ್ಷಣದಲ್ಲಿ ಹುಟ್ಟುವ ಭಯವನ್ನು ಯಾವ ವಾದ್ಯವೂ ಹುಟ್ಟಿಸಲಾರದು. ಬೆಳಗಿನ ಜಾವ ಹಳ್ಳದ ಕಡೆಯಿಂದ ಮನುಷ್ಯರೇ ಸಿಳ್ಳೆ ಹಾಕಿದಂತೆ ಕೇಳುವ ಸಿಳ್ಳಾರ, ಬೇಸಿಗೆಯ ಮಧ್ಯಾಹ್ನವಿಡೀ ಬಿಡದೆ ಕೂಗುವ ಕುಟ್ರುಹಕ್ಕಿ, ಇವೆಲ್ಲ ದುಡ್ಡು ಕೊಡದೆ ಸಿಗುವ ಸಂಗೀತ.

ಮಾತಿನ ವಿಷಯಕ್ಕೆ ಬಂದರೆ ಕೋಪ ಇನ್ನೂ ಹೆಚ್ಚುತ್ತದೆ. ಬೆಂಗಳೂರಿನ ಧಾರಾವಾಹಿಯ ಕನ್ನಡವನ್ನೇ ಬರೆದು, ಅಲ್ಲಲ್ಲಿ ವಾಕ್ಯದ ಕೊನೆಗೆ 'ಮಾರಾಯ' ಎಂದು ಅಂಟಿಸಿದರೆ ಅದು ಮಲೆನಾಡಿನ ಮಾತಾಗುವುದಿಲ್ಲ. ತೀರ್ಥಹಳ್ಳಿ ಕಡೆಯ ಒಕ್ಕಲಿಗರ ಮನೆಮಾತಿಗೂ ಸಾಗರದ ಹವ್ಯಕರ ಮಾತಿಗೂ ಸೊರಬದ ದೀವರ ಮಾತಿಗೂ ಇರುವ ದೂರವನ್ನು ಒಂದೇ ಊರಿನ ಸಂತೆಯಲ್ಲಿ ಕೇಳಬಹುದು. ಅದಕ್ಕಿಂತ ಮುಖ್ಯವಾದದ್ದು ನಾವು ಮಾತಾಡುವ ಕ್ರಮ. ಸಾಲ ಕೇಳಲು ಬಂದವರು ಮಳೆಯಿಂದ ಶುರು ಮಾಡಿ, ಕೊಳೆರೋಗಕ್ಕೆ ಎಷ್ಟನೇ ಸಲ ಔಷಧಿ ಹೊಡೆಸಿದಿರಿ ಎಂದು ವಿಚಾರಿಸಿ, ಅಡಿಕೆಯ ಧಾರಣೆಯನ್ನು ಮುಟ್ಟಿ, ಕವಳ (ಎಲೆಅಡಿಕೆ) ಹಾಕಿ, ಹೊರಡಲು ಎದ್ದು ಮೆಟ್ಟಿಲು ಇಳಿಯುವಾಗ ಬಂದ ಕೆಲಸವನ್ನು ಹೇಳುತ್ತಾರೆ. ಈ ಸುತ್ತುಬಳಸಿನಲ್ಲೇ ಸಂಕೋಚವಿದೆ, ಗೌರವವಿದೆ, ಕೆಲವೊಮ್ಮೆ ಹಗೆಯೂ ಇದೆ. ಸರಣಿಗಳಲ್ಲಿ ಮಾತ್ರ ಎಲ್ಲರೂ ಬಾಗಿಲಲ್ಲೇ ನಿಂತು ಕಥೆಗೆ ಬೇಕಾದ ಸುದ್ದಿಯನ್ನು ಒಪ್ಪಿಸಿ ಹೋಗುತ್ತಾರೆ. ನಟರು ಸಿಗುವುದಿಲ್ಲವೆಂದು ಯಾರೂ ಹೇಳುವಂತಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಟನಟಿಯರನ್ನು ತಯಾರು ಮಾಡುತ್ತಿದೆ. ಊರೂರಿನಲ್ಲಿ ಯಕ್ಷಗಾನದ ಅರ್ಥ ಹೇಳಿ ಪಳಗಿದ ಕಂಠಗಳಿವೆ.

ಸಿನಿಮಾದಲ್ಲಿರುವ ಸ್ನೇಹಿತರೊಬ್ಬರು ಈ ಹಿಂದೆ ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ. ಮಳೆಯಲ್ಲಿ ಧ್ವನಿ ಹಿಡಿಯುವುದು ಅಸಾಧ್ಯ, ಖರ್ಚು ಹೆಚ್ಚು, ದಿನಗಳು ಹೆಚ್ಚು. ಮೇಲಾಗಿ ಕಲಬುರಗಿಯ, ಕೋಲಾರದ ಪ್ರೇಕ್ಷಕರಿಗೆ ನಿಮ್ಮ ಮಾತು ಅರ್ಥವಾಗುವುದಿಲ್ಲ. ಖರ್ಚಿನ ಮಾತನ್ನು ಅರ್ಧ ಒಪ್ಪಬಹುದು. ಆದರೆ ಡ್ರೋನಿಗೆ, ಟ್ಯಾಂಕರಿಗೆ, ಸ್ಮೋಕ್ ಮೆಷಿನ್ನಿಗೆ ಹಣವಿರುವವರಿಗೆ ಒಬ್ಬ ಧ್ವನಿಗ್ರಾಹಕರನ್ನು ಒಂದು ವಾರ ಇಲ್ಲಿ ಇರಿಸಿ, ಮಳೆಯನ್ನೂ ಕಾಡನ್ನೂ ಬೇರೆಯಾಗಿಯೇ ಹಿಡಿದುಕೊಂಡು ಹೋಗಲು ಹಣವಿಲ್ಲವೆಂದರೆ ನಾನು ನಂಬುವುದಿಲ್ಲ. ಅದಕ್ಕೆ ನಟರೂ ಬೇಡ, ದೀಪಗಳೂ ಬೇಡ. ಭಾಷೆ ಅರ್ಥವಾಗುವುದಿಲ್ಲ ಎಂಬ ಮಾತಂತೂ ಇನ್ನು ನಿಲ್ಲಬೇಕು. ಘಟ್ಟದ ಕೆಳಗಿನವರು ಅದನ್ನು ಸುಳ್ಳು ಮಾಡಿ ತೋರಿಸಿದ್ದಾರೆ. 2022ರ 'ಕಾಂತಾರ' ಕುಂದಾಪುರದ ಕನ್ನಡವನ್ನು ಎದೆಯೆತ್ತಿ ಆಡಿತು, 2025ರ 'ಸು ಫ್ರಮ್ ಸೋ' ಕರಾವಳಿಯ ಮಾತನ್ನು, ಅಲ್ಲಿಯ ನಗೆಯನ್ನು ಹಾಗೆಯೇ ಉಳಿಸಿಕೊಂಡಿತು. ಎರಡನ್ನೂ ರಾಜ್ಯದ ಎಲ್ಲ ಕಡೆಯವರೂ ಚಿತ್ರಮಂದಿರಕ್ಕೆ ಹೋಗಿ ನೋಡಿದರು. 'ಕಾಂತಾರ'ಕ್ಕೆ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್ ನಮ್ಮ ಭದ್ರಾವತಿಯವರು. ಆ ಚಿತ್ರದಲ್ಲಿ ಜನರು ನೆನಪಿಟ್ಟುಕೊಂಡದ್ದು ದೈವದ ಕೂಗನ್ನು. ಪ್ರೇಕ್ಷಕರಿಗೆ ಕಿವಿಯಿಲ್ಲ ಎನ್ನುವವರು ಹೆಗ್ಗೋಡಿನ ಚಿತ್ರಸಮಾಜ ಎಪ್ಪತ್ತರ ದಶಕದಲ್ಲೇ ಹಳ್ಳಿಯ ಜನಕ್ಕೆ ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ತೋರಿಸಿದ್ದನ್ನು ಮರೆಯಬಾರದು. ಆ ಜನ ಎದ್ದು ಹೋಗಲಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಬಿಸಿಯಾಗುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಇಲ್ಲಿ ಇದುವರೆಗೆ ಬರೆದಿರಲಿಲ್ಲ. ನಮ್ಮಮ್ಮನಿಗೆ ಈಗ ಕಣ್ಣು ಕಾಣಿಸುವುದು ಬಹಳ ಕಡಿಮೆ. ಟಿ.ವಿ. ಮುಂದೆ ಕುಳಿತುಕೊಳ್ಳುತ್ತಾರೆ, ಆದರೆ ಅವರು ನೋಡುವುದಿಲ್ಲ, ಕೇಳುತ್ತಾರೆ. ಭದ್ರಾವತಿ ಆಕಾಶವಾಣಿಯ ನಾಟಕಗಳನ್ನು ಕೇಳಿ ಅಭ್ಯಾಸವಾದ ಕಿವಿ ಅದು. ಬಾಗಿಲು ಹಾಕಿದ ಸದ್ದಿನಿಂದ ಹೊರಗೆ ಹೋದವರು ಯಾರೆಂದು ಹೇಳಬಲ್ಲರು. ನಿನ್ನೆ ಆ ಸರಣಿ ಅರ್ಧ ಗಂಟೆ ಓಡಿದ ಮೇಲೆ ಅವರು, "ಇದು ಯಾವ ಊರಿನ ಕಥೆಯೇ?" ಎಂದು ಕೇಳಿದರು. ನಮ್ಮ ಕಡೆಯದೇ ಅಮ್ಮ, ಜೋರು ಮಳೆ ಬರುತ್ತಿದೆ ಎಂದೆ. "ಮಳೆಯಾ?" ಎಂದು ಸುಮ್ಮನಾದರು. ತಮ್ಮ ಜೀವಮಾನವನ್ನೆಲ್ಲ ಈ ಮಳೆಯಲ್ಲಿ ಕಳೆದ ಹೆಂಗಸಿಗೆ ತೆರೆಯ ಮೇಲಿನ ಮಲೆನಾಡು ಇಲ್ಲವೇ ಇಲ್ಲ. ನನಗೆ ಅಳು ಬಂತು, ಮತ್ತೆ ಸಿಟ್ಟೂ ಬಂತು.

ಧ್ವನಿಯ ಬಗ್ಗೆ ನಮ್ಮಲ್ಲಿರುವ ಅಲಕ್ಷ್ಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2022ರ ಜುಲೈನಲ್ಲಿ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ, ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸಿದ್ದಕ್ಕೆ ಮೀಸಲಾದ ಪ್ರಶಸ್ತಿಯನ್ನು ಕನ್ನಡದ 'ಡೊಳ್ಳು' ಚಿತ್ರಕ್ಕೆ ಘೋಷಿಸಲಾಯಿತು. ಆ ಚಿತ್ರದ ಧ್ವನಿ ವಿನ್ಯಾಸಕರೇ ಅದು ಡಬ್ ಆದ ಚಿತ್ರ ಎಂದು ಹೇಳಿದರು. ಆಸ್ಕರ್ ಪಡೆದ ಧ್ವನಿತಜ್ಞ ರಸೂಲ್ ಪೂಕುಟ್ಟಿ ಅದನ್ನು ಬಹಿರಂಗವಾಗಿ ಎತ್ತಿ ಆಡಿದರು. ಚಿತ್ರ ಮಾಡಿದವರ ಮೇಲೆ ನನಗೆ ದೂರಿಲ್ಲ. ಸ್ಥಳದಲ್ಲಿ ಹಿಡಿದ ಧ್ವನಿ ಯಾವುದು, ಕೋಣೆಯಲ್ಲಿ ಕೂಡಿಸಿದ್ದು ಯಾವುದು ಎಂದು ತಿಳಿಯದೆ ಪ್ರಶಸ್ತಿ ಕೊಡುವಷ್ಟು ನಮ್ಮ ಕಿವಿಗಳು ಮಂದವಾಗಿರುವುದು ಮಾತ್ರ ನನ್ನನ್ನು ಕಾಡುತ್ತದೆ. ವಿಮರ್ಶೆ ಬರೆಯುವವರೂ ಹಾಗೆಯೇ. ಛಾಯಾಗ್ರಹಣ ಕಣ್ಣಿಗೆ ಹಬ್ಬ ಎಂದು ಪ್ರತಿ ವಿಮರ್ಶೆಯಲ್ಲೂ ಒಂದು ಸಾಲು ಇರುತ್ತದೆ. ಧ್ವನಿಗ್ರಾಹಕರ ಹೆಸರನ್ನು ಎಲ್ಲೋ ಒಬ್ಬರು ಬರೆಯುತ್ತಾರೆ.

ನನ್ನ ಸ್ನೇಹಿತರ ಪಟ್ಟಿಯಲ್ಲಿ ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಕೆಲಸ ಮಾಡುವ ಶಿವಮೊಗ್ಗದ ಕಡೆಯವರು ಅನೇಕರಿದ್ದೀರಿ. ನಿಮ್ಮ ಮುಂದಿನ ಕಥೆ ಮಲೆನಾಡಿನದಾಗಿದ್ದರೆ, ಚಿತ್ರೀಕರಣ ಯಾವಾಗ ಬೇಕಾದರೂ ಇಟ್ಟುಕೊಳ್ಳಿ, ಧ್ವನಿಯವರನ್ನು ಮಾತ್ರ ಆಷಾಢದಲ್ಲಿ ಕಳಿಸಿಕೊಡಿ. ನಮ್ಮ ಮನೆಯ ಉಪ್ಪರಿಗೆ ಖಾಲಿಯಿದೆ, ಊಟ ತಿಂಡಿಯ ಚಿಂತೆ ಬೇಡ. ಹಂಚು, ತಗಡು, ಸೋಗೆ ಮೂರೂ ನಮ್ಮಲ್ಲಿವೆ; ಹಿತ್ತಿಲ ಆಚೆಗೆ ಹಳ್ಳವಿದೆ. ಆ ದಿನಗಳಲ್ಲಿ ಕರೆಂಟು ಹೆಚ್ಚು ಹೊತ್ತು ಇರುವುದಿಲ್ಲ, ಆದ್ದರಿಂದ ಪಂಪ್‌ಸೆಟ್ಟಿನ ಸದ್ದಾಗಲಿ, ಫ್ರಿಜ್ಜಿನ ಸದ್ದಾಗಲಿ ಅಡ್ಡ ಬರುವುದಿಲ್ಲ. ಬ್ಯಾಟರಿಗಳನ್ನು ಮಾತ್ರ ಸಾಕಷ್ಟು ತರಲು ಹೇಳಿ.