ಚಂದಾ ಕೇಳುವ ಸೈಕಲ್ಲು

"ಆ ಸೈಕಲ್ ಮಾರಿ ದುಡ್ಡು ಕೊಟ್ಬಿಡಪ್ಪ. ಧರ್ಮಸ್ಥಳದವರೆಗೂ ಯಾಕೆ ತುಳೀತೀಯ?"

ಕಿಡ್ನಿ ಕಾಯಿಲೆಯವರಿಗೆ ಚಂದಾ ಎತ್ತೋಕೆ ಧರ್ಮಸ್ಥಳಕ್ಕೆ ಸೈಕಲ್ ತುಳೀತೀನಿ ಅಂದಿದ್ದಕ್ಕೆ ಚಿಕ್ಕಪ್ಪ ಹೀಗಂದಾಗ ಬಾಯಲ್ಲಿದ್ದ ಉಪ್ಪಿಟ್ಟು ಒಳಗೆ ಇಳೀಲಿಲ್ಲ. ಸೈಕಲ್ಲಿಗೆ 62,000 ಕೊಟ್ಟಿದ್ದು ಅವರಿಗೆ ಗೊತ್ತು. ಲೆಕ್ಕ ನೋಡಿದರೆ ಅವರು ಹೇಳಿದ್ದೇ ಸರಿ.

ನಾನು ಸೈಕಲ್ ಹತ್ತಿದ್ದಕ್ಕೆ ದೊಡ್ಡ ಕಥೆಯೇನಿಲ್ಲ. 46ಕ್ಕೆ ಶುಗರ್ ಬಾರ್ಡರಿಗೆ ಬಂತು, ಡಾಕ್ಟ್ರು ಬೈದರು, ಸೈಕಲ್ ಬಂತು. ಚಿಕ್ಕಂದಿನಲ್ಲಿ ಗಂಟೆಗೆ ಐವತ್ತು ಪೈಸೆ ಬಾಡಿಗೆಯ ಸೈಕಲ್ಲಲ್ಲಿ ಒಳಪೆಡ್ಲು ಹೊಡೆದವನಿಗೆ, ಪ್ಯಾಡ್ ಇರುವ ಆ ಬಿಗಿ ಚಡ್ಡಿ ಹಾಕ್ಕೊಂಡು ನಮ್ಮ ಬೀದಿ ದಾಟೋದಕ್ಕೇ ತಿಂಗಳು ಬೇಕಾಯ್ತು. ಮೊದಲ ಸಲ ಚಾಮುಂಡಿ ಬೆಟ್ಟಕ್ಕೆ ಹೋದಾಗ ನಾಲ್ಕು ಕಡೆ ಇಳಿದು ತಳ್ಳಿದೆ. ಮೆಟ್ಟಿಲು ಹತ್ತಿ ಬಂದಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ, ತಮ್ಮ ಬಾಟಲಿ ನೀರು ಕೊಟ್ಟರು! ಮರುವರ್ಷ ಬ್ರೆವೆ ಅನ್ನೋ 200 ಕಿಲೋಮೀಟರಿನ ಸೈಕಲ್ ಸವಾರಿ ಮುಗಿಸಿದೆ. ಹದಿಮೂರೂವರೆ ಗಂಟೆ ಕೊಡ್ತಾರೆ, ನನಗೆ ಇಪ್ಪತ್ತು ನಿಮಿಷ ಮಿಕ್ಕಿತ್ತು. ಅಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಅನ್ನೋ ಲೆಕ್ಕವಿಲ್ಲ, ಹೊತ್ತಿಗೆ ಸರಿಯಾಗಿ ಮುಗಿಸಿದರೆ ಆಯ್ತು. ನಮ್ಮ ವಯಸ್ಸಿನವರು ಇದಕ್ಕೆ ಮುಗಿಬೀಳೋದು ಅದಕ್ಕೇ ಇರಬೇಕು.

ಈ ಶಿವರಾತ್ರಿ ಹೊತ್ತಿಗೆ ನಾವು ನಾಲ್ವರು ಮೈಸೂರಿಂದ ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋದೆವು. ಎರಡು ದಿನ, ಸುಮಾರು 250 ಕಿಲೋಮೀಟರ್. ಡಯಾಲಿಸಿಸ್‌ಗೆ ಹಳ್ಳಿಗಳಿಂದ ಬರೋರಿಗೆ ಓಡಾಟದ ಖರ್ಚು ಕೊಡುವ ಸಣ್ಣ ಟ್ರಸ್ಟಿಗೆ ದುಡ್ಡು ಕೂಡಿಸೋದು ಉದ್ದೇಶ. "ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಅಲ್ವಾ?" ಅಂತ ಸುಮಾರು ಜನ ಕೇಳಿದರು. ಫ್ರೀ ಇದೆ. ಆದರೆ ವಾರಕ್ಕೆ ಎರಡು ಮೂರು ಸಲ ಬರಬೇಕು, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮಷೀನಿಗೆ ಅಂಟಿಕೊಂಡಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತಲ್ಲ, ಜೊತೆಗೆ ಬರುವ ಹೆಂಡತಿಗೆ ಬಸ್ಸು ಉಚಿತ. ಕಾಯಿಲೆ ಗಂಡನಿಗೆ, ಟಿಕೆಟ್ಟೂ ಅವನಿಗೇ. ಮುಗಿಸಿ ಹೊರಟಾಗ ಮೈಯಲ್ಲಿ ತ್ರಾಣವಿರಲ್ಲ. ತುಂಬಿದ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಲ್ಲೋಕಾಗಲ್ಲ ಅಂತ ಆಟೋ ಮಾಡಿದರೆ ಆ ದಿನದ ಕೂಲಿಯೂ ಇಲ್ಲ, ಕೈಯಲ್ಲಿದ್ದದ್ದೂ ಇಲ್ಲ. ಹೀಗಾಗಿ ವಾರಕ್ಕೊಂದು ಸರದಿ ತಪ್ಪಿಸುವವರಿದ್ದಾರೆ. ತಪ್ಪಿಸಿದರೆ ದೇಹದಲ್ಲಿ ನೀರು ನಿಲ್ಲುತ್ತೆ, ಉಸಿರು ಕಟ್ಟುತ್ತೆ.

ತುಳಿಯೋದು ನನಗೆ ಖುಷಿ. ಅದನ್ನ ತ್ಯಾಗ ಅಂತ ಹೇಳಿಕೊಂಡರೆ ನನಗೇ ನಾಚಿಕೆ. ಕಷ್ಟವಾಗಿದ್ದು ಕೇಳೋದು. ನಮ್ಮ ತಾತ ವಾರಾನ್ನ ಉಂಡು ಓದಿದವರು, ಆದರೆ ಅವರ ಮೊಮ್ಮಗನಿಗೆ ಐನೂರು ರೂಪಾಯಿ ಕೇಳೋಕೆ ನಾಲಿಗೆ ಏಳಲ್ಲ. ವಾಟ್ಸಾಪ್ ಮೆಸೇಜನ್ನು ಆರು ಸಲ ತಿದ್ದಿದೆ. ಬ್ಲೂ ಟಿಕ್ ಬಿದ್ದು ಉತ್ತರ ಬರದಿದ್ದರೆ ರಾತ್ರಿಯೆಲ್ಲ ಅದೇ ಯೋಚನೆ. ಒಬ್ಬ ಹಳೇ ಗೆಳೆಯ "80ಜಿ ಸಿಗುತ್ತಾ?" ಅಂದ, ಅಂದರೆ ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ. ಟ್ರಸ್ಟಿಗೆ 80ಜಿ ಇದೆ, ಆದರೆ ನೀನು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ವಿನಾಯಿತಿ ಇಲ್ಲ ಅಂದೆ. ಆಮೇಲೆ ಅವನ ಸುದ್ದಿಯೇ ಇಲ್ಲ.

ಆದರೂ ಚಿಕ್ಕಪ್ಪನ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ಹಿಂದಿನ ವರ್ಷ ಇದೇ ಟ್ರಸ್ಟಿಗೆ ಸುಮ್ಮನೆ ಹತ್ತು ಸಾವಿರ ಕೊಟ್ಟಿದ್ದೆ, ಅಲ್ಲಿಗೆ ಮುಗೀತು. ಈ ಸಲ 143 ಜನ ಕೊಟ್ಟು 1,86,400 ಆಯ್ತು. ಅದರಲ್ಲಿ ಹದಿನೈದು ಜನರಾದರೂ ತಮ್ಮ ಮನೆಯ ಕಿಡ್ನಿ ಕಾಯಿಲೆಯ ವಿಷಯ ಫೋನಲ್ಲಿ ಅರ್ಧ ಗಂಟೆ ಮಾತಾಡಿದರು.

ಮೂಡಿಗೆರೆ ದಾಟಿದ ಮೇಲೆ ರಸ್ತೆ ತುಂಬ ಪಾದಯಾತ್ರೆಯವರು. ಒಂದು ಪೆಂಡಾಲಲ್ಲಿ ಮಜ್ಜಿಗೆ, ಕಲ್ಲಂಗಡಿ ಹಂಚುತ್ತಿದ್ದರು. ನಮ್ಮನ್ನೂ ತಡೆದು ನಿಲ್ಲಿಸಿದರು.

"ಹರಕೆಯಾ?" ಅಂದ್ರು ಮಜ್ಜಿಗೆ ಕೊಡುತ್ತಿದ್ದ ಹಿರಿಯರು.

ವಿಷಯ ಹೇಳಿದೆ. ಸೈಕಲ್ಲಿನ ಗಿಯರ್ ಮುಟ್ಟಿ ನೋಡಿ, "ಇದ್ರಲ್ಲಾದ್ರೆ ಸುಲಭ ಬಿಡಿ" ಅಂದ್ರು. ಪಕ್ಕದಲ್ಲಿ ಒಬ್ಬ ಹುಡುಗ ಬೆರಳ ಸಂದಿಯ ಬೊಕ್ಕೆಗೆ ಅರಿಶಿನ ಮೆತ್ತಿಕೊಳ್ಳುತ್ತಿದ್ದ. ಚಪ್ಪಲಿ ಇಲ್ಲ. ಬೆಂಗಳೂರಿಂದ ನಡೆದು ಬಂದಿದ್ದನಂತೆ. ನಾನು ಮೆಲ್ಲಗೆ ಫೋನು ಜೇಬಿಗಿಟ್ಟೆ, ಅದರಲ್ಲಿ ತುಳಿದ ದೂರ ಲೆಕ್ಕ ಇಡುವ ಸ್ಟ್ರಾವ ಆ್ಯಪ್ ಓಡುತ್ತಿತ್ತು. ಹೊರಡುವಾಗ ಆ ಹಿರಿಯರು ಕರೆದು ನೂರರ ನೋಟು ಕೈಗಿಟ್ಟರು. "ರಸೀದಿ ಗಿಸೀದಿ ಬೇಡ, ತಲುಪಿಸಿ ಸಾಕು."

ಬೇಡ ಅಂದರೂ ನನಗೆ ಲೆಕ್ಕ ಮುಖ್ಯ. ಚಾರಿಟಿ ಹೆಸರಲ್ಲಿ ಚಂದಾ ಎತ್ತಿ, ಅದರಲ್ಲೇ ಹೋಟೆಲು, ಜರ್ಸಿ, ಬ್ಯಾನರು, ಡ್ರೋನ್ ವಿಡಿಯೋ ಮುಗಿಸುವವರನ್ನ ಕಂಡರೆ ನನಗಾಗಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯಾನ್-ಮಾಸ್ ಚಾಲೆಂಜ್ ಅಂತ 1980ರಲ್ಲಿ 36 ಜನ ಸೇರಿ ಶುರುಮಾಡಿದ ಸೈಕಲ್ ಯಾತ್ರೆಯಿದೆ. ಅಲ್ಲಿ ಈಗ ಸವಾರರು ತಂದ ದೇಣಿಗೆ ಪೂರ್ತಿ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತೆ, ಯಾತ್ರೆಯ ಖರ್ಚಿಗೆ ಬೇರೆ ದಾರಿ. ನಾವು ನಾಲ್ವರೂ ಅದನ್ನೇ ಮಾಡಿದೆವು. ಲಾಡ್ಜು, ಊಟ, ವಾಪಸ್ ಬರೋ ಗೂಡ್ಸ್ ಗಾಡಿ, ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆ (ಎಷ್ಟು ಅಂತ ಕೇಳಬೇಡಿ), ಎಲ್ಲ ಸೇರಿ ತಲೆಗೆ 4,700. ಸ್ವಂತ ಜೇಬಿಂದು.

ಟ್ರಸ್ಟು ಕೊಟ್ಟ ರಸೀದಿಯ ಫೋಟೋ ಹಾಕಿದ್ದೀನಿ, ನೋಡಿ. ಆ ನೂರು ರೂಪಾಯಿಯೂ ಅದರಲ್ಲಿದೆ. ಮುಂದಿನ ಯಾತ್ರೆ ಡಿಸೆಂಬರಿಗೆ. ಬ್ಲೂ ಟಿಕ್ ಹಾಕಿ ಸುಮ್ಮನಾದವರಿಗೆ ಮತ್ತೆ ಮೆಸೇಜ್ ಬರುತ್ತೆ. ಚಿಕ್ಕಪ್ಪ, ನಿಮಗೂ.