ಅರಮನೆಯಲ್ಲಿ ಇದ್ದಮಾತ್ರಕ್ಕೆ ಅರಮನೆಯವರದ್ದಲ್ಲ

ಹೋದ್ ವರ್ಷ ನಮ್ಮತ್ತೆ ವಿಯೆನ್ನಾಗೆ ಬಂದಿದ್ರು, ಬೆಲ್ವೆಡೇರ್ ಅರಮನೆಗೆ ಕರ್ಕೊಂಡು ಹೋಗಿದ್ದೆ. ಇಲ್ಲಿನ ಚಿತ್ರಕಾರ ಗುಸ್ಟಾವ್ ಕ್ಲಿಮ್ಟ್‌ನ 'ಕಿಸ್' ಚಿತ್ರದ ಮುಂದೆ ತುಂಬಾ ಹೊತ್ತು ನಿಂತ್ರು, ಆಳೆತ್ತರದ ಚೌಕ ಅದು, ಒಂಚೂರು ಪಕ್ಕಕ್ಕೆ ಸರಿದ್ರೆ ಸಾಕು ಚಿನ್ನದ ಹೊಳಪು ಬೇರೇನೇ ಆಗತ್ತೆ. "ನಮ್ ಮೈಸೂರು ಪೇಂಟಿಂಗ್ ತರಾನೇ ಚಿನ್ನದ ರೇಕು ಹಚ್ಚಿದಾರಲ್ಲೋ, ಇದನ್ನೂ ರಾಜರೇ ಬರೆಸಿದ್ದಾ?" ಅಂದ್ರು.

ಇಲ್ಲ ಅತ್ತೆ ಅಂದೆ. ನಮ್ಮಲ್ಲಿ ಅರಮನೆ ಅಂದ್ರೆ ಕಲಾವಿದರಿಗೆ ಅನ್ನ ಹಾಕಿದ ಜಾಗ, ಕೆ. ವೆಂಕಟಪ್ಪನವರು ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಹತ್ರ ಕಲಿತಿದ್ದು ಮೈಸೂರಿನ ನೆರವಿಂದ, ಹಂಗಾಗಿ ಅತ್ತೆ ಕೇಳಿದ್ದು ಸಹಜಾನೇ. ಆದ್ರೆ ಇಲ್ಲಿ ಹಂಗಾಗ್ಲಿಲ್ಲ. ಇದೇ ಬೆಲ್ವೆಡೇರ್‌ನಲ್ಲಿ ವಾಸ ಇದ್ದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ಗೆ ಹೊಸ ಕಲೆ ಕಂಡ್ರೇ ಆಗ್ತಿರ್ಲಿಲ್ಲ. ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1898ರಲ್ಲಿ ಸೆಸೆಷನ್ ಕಲಾವಿದರ (ಹಳೇ ಕಲಾ ಸಂಘ ಬಿಟ್ಟು ಬಂದ ಕ್ಲಿಮ್ಟ್ ಮತ್ತವನ ಗೆಳೆಯರ ಗುಂಪು) ಮೊದಲ ಪ್ರದರ್ಶನಕ್ಕೆ ಹೋಗಿದ್ದು ನಿಜ, 'ಕಿಸ್' ಚಿತ್ರಾನ 1908ರಲ್ಲಿ 25,000 ಕ್ರೋನ್ ಕೊಟ್ಟು ಸರ್ಕಾರಾನೇ ಕೊಂಡಿದ್ದೂ ನಿಜ, ಆದ್ರೆ ಹಳೇ ಮನೆತನಗಳಿಗೆ ಇದ್ಯಾವುದೂ ಬೇಕಿರ್ಲಿಲ್ಲ, ಲಿಕ್ಟನ್‌ಸ್ಟೈನ್ ದೊರೆಗಳಂಥವರ ಗೋಡೆ ಮೇಲೆ ಆಗ್ಲೇ ಹಳೇ ಕಾಲದ ಚಿತ್ರಕಾರ ರೂಬೆನ್ಸ್‌ನ ಚಿತ್ರಗಳಿದ್ವು, ತಾತಮುತ್ತಾತರ ಕಾಲದಿಂದ.

ಈ ಹೊಸ ಕಲೆಯ ಬೆನ್ನಿಗೆ ನಿಂತಿದ್ದು ಕೈಗಾರಿಕೆಯಿಂದ ದುಡ್ಡು ಮಾಡಿದವರು, ಅದರಲ್ಲೂ ಹೆಚ್ಚಾಗಿ ಯಹೂದಿ ಮೂಲದ ಕುಟುಂಬಗಳು. ಆ ಗುಂಪಿನ ಪ್ರದರ್ಶನಕ್ಕೆ ಅಂತ ಕಟ್ಟಿದ ಸೆಸೆಷನ್ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟಿದ್ದು ಉಕ್ಕಿನ ಉದ್ಯಮಿ ಕಾರ್ಲ್ ವಿಟ್ಗೆನ್‌ಸ್ಟೈನ್. ಅಡೆಲೆ ಬ್ಲಾಖ್-ಬಾವರ್ ಅನ್ನೋ ಹೆಂಗಸಿನ ಬಂಗಾರದ ಚಿತ್ರಾನ ಕ್ಲಿಮ್ಟ್ ಕೈಲಿ ಬರೆಸಿದ್ದು ಅವರ ಗಂಡ, ಸಕ್ಕರೆ ಕಾರ್ಖಾನೆಯವರು. 1938ರಲ್ಲಿ ನಾಜಿಗಳು ಬಂದು ಆ ಮನೇನ ದೋಚಿದ್ರು, ಆ ಚಿತ್ರ ಎಷ್ಟೋ ವರ್ಷ ಇದೇ ಬೆಲ್ವೆಡೇರ್‌ನಲ್ಲಿ ನೇತಾಡ್ತಿತ್ತು, ವಾರಸುದಾರರಿಗೆ ವಾಪಸ್ ಸಿಕ್ಕಿದ್ದು 2006ರಲ್ಲಿ! ಇದನ್ನ ಹೇಳ್ವಾಗ ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ. ಕಾಸು ಕೊಟ್ಟು ಕಲೆ ಉಳಿಸಿದವರನ್ನ ಊರು ಬಿಡಿಸಿದ್ರು, ನೋಡೋಕೆ ಬಂದವರು ಮಾತ್ರ ಅಮೃತಶಿಲೆ ಮೆಟ್ಟಿಲು ಹತ್ತಿ ಇದೆಲ್ಲಾ ರಾಜವೈಭವ ಅಂದ್ಕೊಂಡು ಹೋಗ್ತಾರೆ.

ರಾಜರ ಕಡೆಯಿಂದ ಬಂದ್ರೆ ಮಾತ್ರ ಕಲೆಗೆ ಬೆಲೆ ಅನ್ನೋ ಅಭ್ಯಾಸ ನಮ್ಮಲ್ಲೂ ಇದೆ, ಮೈಸೂರಿನ ಬಗ್ಗೆ ಹೆಮ್ಮೆ ಇಟ್ಕೊಂಡೇ ಹೇಳ್ತಿದೀನಿ ಇದನ್ನ.

ಈಗ ಊರಿಂದ ಯಾರೇ ಬರ್ಲಿ, ಮೊದಲು ಸೆಸೆಷನ್ ಮುಂದೆ ನಿಲ್ಲಿಸ್ತೀನಿ, ಬಂಗಾರದ ಎಲೆಗಳ ಗುಮ್ಮಟ ತೋರಿಸಿ ಇದಕ್ಕೆ ಯಾರು ದುಡ್ಡು ಕೊಟ್ರು ಅಂತ ಹೇಳ್ತೀನಿ, ಅರಮನೆ ಆಮೇಲೆ.