ಗಂಡಸರ ಔಷಧಿಯಂತೆ!

"ಆಂಟೀ, ಇದು ಜೆಂಟ್ಸ್‌ದು. ಅಂಕಲ್‌ಗಾ?"

ಮೆಡಿಕಲ್ ಶಾಪ್ ಹುಡುಗ ಅಷ್ಟು ಜೋರಾಗಿ ಕೂಗಬೇಕಿತ್ತಾ? ಡಾಕ್ಟರ ಚೀಟಿ ಅವನ ಕೈಯಲ್ಲೇ ಇತ್ತಲ್ಲ. ಕೂದಲು ಬೆಳೆಯೋಕೆ ನೆತ್ತಿಗೆ ಹಚ್ಚೋ ಮಿನಾಕ್ಸಿಡಿಲ್ 2 ಪರ್ಸೆಂಟ್, ದಿನಕ್ಕೆರಡು ಸಲ 1 ಎಂಎಲ್, ಹೆಂಗಸಿನ ಹೆಸರು. ಪಕ್ಕದಲ್ಲಿ ನಿಂತ ನನಗೇ ಕಾಣಿಸ್ತಿತ್ತು. ಅವನು ಚೀಟಿ ಬಿಟ್ಟು ಆ ಆಂಟಿಯ ನೆತ್ತಿ ನೋಡಿದ. ಹಿಂದೆ ನಿಂತವರೂ ನೋಡಿದ್ರು. ಅವರು ಸೆರಗು ತಲೆ ಮೇಲೆಳ್ಕೊಂಡು, "ಹೂಂ, ನಮ್ಮೆಜಮಾನ್ರಿಗೆ" ಅಂದುಬಿಟ್ರು. ಆ "ಹೂಂ" ಇನ್ನೂ ಕಿವಿಯಲ್ಲಿದೆ. ಅದರ ಮೇಲೆ ಈರುಳ್ಳಿ ಎಣ್ಣೆ, ಬಯೋಟಿನ್ ಅನ್ನೋ ವಿಟಮಿನ್ ಡಬ್ಬಿ ಬೇರೆ ಗಂಟು ಹಾಕಿದ. "ಇದು ಲೇಡೀಸ್‌ದು."

ಚಿಕ್ಕ ಹುಡುಗ, ಅವನಿಗೇನು ಗೊತ್ತು, ಬಿಡಿ.

ಯಾಕೆ ಬಿಡಬೇಕು? ಮುಟ್ಟು ನಿಲ್ಲೋ ಹೊತ್ತಿಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಕುಸಿಯುತ್ತೆ, ಗಂಡು ಹಾರ್ಮೋನು ಅಷ್ಟು ಬೇಗ ಇಳಿಯಲ್ಲ. ಕೂದಲಿನ ಬುಡ ಸಣ್ಣಗಾಗ್ತಾ ಹೋಗಿ ಹೊಸದಾಗಿ ಹುಟ್ಟೋ ಕೂದಲೂ ತೆಳ್ಳಗೆ. ಹಣೆಯ ಅಂಚು ಸಾಮಾನ್ಯವಾಗಿ ಹಾಗೇ ಇರುತ್ತೆ, ಬೈತಲೆ ಅಗಲ ಆಗುತ್ತೆ. ಇದಕ್ಕೆ ಈರುಳ್ಳಿ ಏನು ಮಾಡುತ್ತೆ? ಕೊರತೆಯೇ ಇಲ್ಲದವರಿಗೆ ಬಯೋಟಿನ್ ಯಾಕೆ? ಅದನ್ನ ನುಂಗ್ತಾ ಥೈರಾಯ್ಡ್ ಟೆಸ್ಟ್ ಮಾಡಿಸಿದ್ರೆ ರಿಪೋರ್ಟೇ ತಪ್ಪು ಬರಬಹುದು, ಕನಿಷ್ಠ 2 ದಿನ ಮೊದಲು ನಿಲ್ಲಿಸಬೇಕು. ಕೂದಲು ಉದುರಿದ್ರೆ ಮೊದಲು ಮಾಡಿಸೋದೇ ಥೈರಾಯ್ಡು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸೋ ಫೆರಿಟಿನ್ನು! ಮುಟ್ಟು ನಿಲ್ಲೋಕೆ ಮುಂಚೆ ವಿಪರೀತ ರಕ್ತ ಹೋದವರಿಗೆ ಮೈಯಲ್ಲಿ ಕಬ್ಬಿಣವೇ ಉಳಿದಿರಲ್ಲ.

ಹೇಳಬೇಕಾದ್ದು ಒಂದನ್ನೂ ಆ ಹುಡುಗ ಹೇಳಲಿಲ್ಲ. ಮಿನಾಕ್ಸಿಡಿಲ್ ಹಚ್ಚೋದು ಒಣಗಿದ ನೆತ್ತಿಗೆ, ಕೂದಲಿಗಲ್ಲ. ಆಮೇಲೆ ಕೈ ತೊಳೀಬೇಕು. ರಾತ್ರಿದನ್ನ ಮಲಗೋಕೆ 2 ಗಂಟೆ ಮುಂಚೆ ಹಚ್ಚಿ ಒಣಗಿಸ್ಕೋಬೇಕು, ಇಲ್ಲಾಂದ್ರೆ ದಿಂಬಿಗೆ ಹತ್ತಿ, ದಿಂಬಿಂದ ಕೆನ್ನೆಗೆ ಹತ್ತಿ ಅಲ್ಲೂ ಕೂದಲು ಬರಬಹುದು. ಮನೇಲಿ ಬೆಕ್ಕಿದ್ರೆ ಹುಷಾರು, ನೆಕ್ಕಿದ್ರೆ ಅದಕ್ಕೆ ವಿಷ. ಎಲ್ಲಕ್ಕಿಂತ ಮುಖ್ಯ, ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು. ಹೊಸದು ಹಳೇದನ್ನ ತಳ್ತಿರುತ್ತೆ, ಅಷ್ಟೇ. ಇದು ಗೊತ್ತಿಲ್ಲದೆ ಮೂರನೇ ವಾರಕ್ಕೆ ಬಾಟ್ಲಿ ಎಸೀತಾರೆ. ಫಲ ಕಾಣೋಕೆ 4ರಿಂದ 6 ತಿಂಗಳು ಬೇಕು, ನಿಲ್ಲಿಸಿದ್ರೆ ಬಂದಿದ್ದೂ ಹೋಗುತ್ತೆ.

ಇಷ್ಟೆಲ್ಲ ಗೊತ್ತಿರೋ ಮಹಾ ಪಂಡಿತೆ ನಾನು ಅಲ್ಲೇನು ಮಾಡಿದೆ? ಜ್ವರದ ಮಾತ್ರೆ ತಗೊಂಡೆ, ಚಿಲ್ಲರೆ ಇಲ್ಲ ಅಂತ ಅದೇ ಹುಡುಗನ ಹತ್ರ ಸಾರಿ ಕೇಳಿದೆ, ಬಂದೆ.

ಯಾರಾದ್ರೂ ಹೇಳ್ರಪ್ಪ, ಹೆಂಗಸರ ನೆತ್ತಿಗೆ ಬರೆದ ಔಷಧಿ ಯಾವಾಗಿಂದ ಅಂಕಲ್‌ದಾಯ್ತು? ಅವರು ಆ ಬಾಟ್ಲಿನ ಚೀಲದ ತಳಕ್ಕೆ ತುರುಕಿ, ಮೇಲೆ ಕೊತ್ತಂಬರಿ ಕಟ್ಟು ಮುಚ್ಕೊಂಡು ಹೋದ್ರು.